ಗುಡ್ಡದ ಮೇಲಿನ ಮೈಕಿನಾಕಿ

ಇಂಥವು ನನಗೇ ಯಾಕೆ ಆಗುತ್ತವೆ ಎಂದು ಮೊದಲು ಕೇಳಿಕೊಳ್ಳುತ್ತಿದ್ದೆ. ಆಮೇಲೆ ತಿಳಿಯಿತು. ಚಳಿಗಾಲದಲ್ಲಿ ಜನರನ್ನು ಗುಡ್ಡ ಹತ್ತಿಸಿ, ಕೈಗೆ ಟಿಕೆಟ್ ಕೊಟ್ಟು, ಸುತ್ತಲೂ ಮಂಜು ಬಿಟ್ಟರೆ ಯಾರಿಗಾದರೂ ಇಂಥವೇ ಆಗುತ್ತವೆ.

ದಾಂಡೇಲಿಯಿಂದ ಜೋಯಿಡಾ ಕಡೆ ಹೊರಟು, ನಡುವೆ ಹೊರಳಿ ಗುಡ್ಡ ಹತ್ತಿದರೆ ನಮ್ಮ ಪಾರ್ಕು. ತಿರುಗುವ ದೊಡ್ಡ ತೊಟ್ಟಿಲು, ಒಂದಕ್ಕೊಂದು ಡಿಕ್ಕಿ ಹೊಡೆಯುವ ಕಾರು, ತಂತಿಗೆ ಜೋತುಬಿದ್ದು ಕಿರುಚುತ್ತ ಹೋಗುವ ಆಟ, ಎಲ್ಲ ಇವೆ. ನಾನು ಅಲ್ಲಿ ಮೈಕಿನಾಕಿ. ನಮ್ಮ ಮನೆಯವರು ಕಾಗದದ ಮಿಲ್ಲಿನಲ್ಲಿ ಗುತ್ತಿಗೆ ಕೆಲಸ ಮಾಡುತ್ತಾರೆ. ನಾನು ತಗಡಿನ ಕೋಣೆಯಲ್ಲಿ ಶಾಲು ಹೊದ್ದು ಕೂತು, ಬಂದವರಿಗೆಲ್ಲ ಸ್ವಾಗತ ಹೇಳುತ್ತಿದ್ದೆ. ಹೀಟರ್ ಇದ್ದದ್ದು ಮ್ಯಾನೇಜರ್ ಸಾಹೇಬರ ಕೋಣೆಯಲ್ಲಿ ಮಾತ್ರ. "ಪುಣ್ಯಾ ಮಾಡೀರಿ ನೋಡ್ರಿ, ದಿನಾ ಇಂಥಾ ಜಾಗಾದಾಗ ಇರತೀರಿ" ಎಂದು ಬಂದವರೆಲ್ಲ ಹೇಳುತ್ತಿದ್ದರು. ಹಲ್ಲು ಕಟಕಟ ಅನ್ನುತ್ತಿದ್ದುದರಿಂದ ನಾನು ಉತ್ತರ ಕೊಡುತ್ತಿರಲಿಲ್ಲ.

ಬಲಗಡೆ ನೋಡಿರಿ

ನಮ್ಮಲ್ಲಿಗೆ ಜನ ಬರುವುದೇ ಗುಡ್ಡದ ತುದಿಯಿಂದ ಕೆಳಗೆ ನೋಡಲಿಕ್ಕೆ. ಅದಕ್ಕೆ ಬೇರೆ ಟಿಕೆಟ್ ಕೂಡ ಇದೆ. ಡಿಸೆಂಬರಿನ ಒಂದು ರವಿವಾರ ಮಂಜು ಎಷ್ಟಿತ್ತೆಂದರೆ, ಕಟ್ಟೆಯ ಮೇಲೆ ನಿಂತವರಿಗೆ ತಮ್ಮ ಚಪ್ಪಲಿ ಸಹ ಸರಿಯಾಗಿ ಕಾಣುತ್ತಿರಲಿಲ್ಲ. ಜನ ಗದ್ದಲ ಶುರು ಮಾಡಿದರು. ಮ್ಯಾನೇಜರ್ ಸಾಹೇಬರು ನನ್ನ ಕೋಣೆಗೆ ಓಡಿ ಬಂದರು.

"ಅಲ್ಲಿ ಏನೇನ ಐತಿ ಅಂತ ಮೈಕಿನ್ಯಾಗ ಹೇಳ್ರಿ. ಸಮಾಧಾನ ಆಗತಾರ."

"ಏನೂ ಕಾಣವಲ್ದಲ್ರೀ ಸರ್."

"ಕಾಣೂದು ಬ್ಯಾರೆ, ಇರೂದು ಬ್ಯಾರೆ. ಇರೂದಂತೂ ಖರೇ ಐತಲ್ಲ? ಹೇಳ್ರಿ."

ಹೇಳಿದೆ. "ಮಾನ್ಯರೇ, ತಮ್ಮ ಎದುರಿಗೆ ಸೂಪಾ ಡ್ಯಾಮಿನ ಹಿನ್ನೀರು. ಬಲಗಡೆ ನೋಡಿರಿ, ದಟ್ಟವಾದ ಕಾಡು." ಜನ ಬಲಕ್ಕೆ ತಿರುಗಿದರು. "ಎಡಗಡೆ ಕಾಳಿ ನದಿಯ ಕಣಿವೆ." ಎಲ್ಲರೂ ಎಡಕ್ಕೆ ತಿರುಗಿದರು. ಮೊಬೈಲ್ ಹಿಡಿದು ಬಿಳಿ ಮಂಜಿನ ಫೋಟೋ ಹೊಡೆದುಕೊಂಡರು. ಒಬ್ಬ ಗಂಡಸಂತೂ ಹೆಂಡತಿಗೆ, "ಅಕಾ ಅಲ್ಲಿ, ನೀರು ಹೊಳ್ಯಾಕತ್ತೈತಿ ನೋಡು" ಎಂದು ಬೆರಳು ಮಾಡಿ ತೋರಿಸಿದ. ಅವಳು ಹೂಂ ಅಂದಳು.

ಎಲ್ಲರೂ ಹೋದ ಮೇಲೂ ಒಬ್ಬ ಮುದುಕಿ ಅಲ್ಲೇ ನಿಂತಿದ್ದಳು. ಡ್ಯಾಮು ಕಟ್ಟಿದಾಗ ನೀರಿನಲ್ಲಿ ಮುಳುಗಿದ ಊರಿನವಳಂತೆ. ಮಂಜಿಗೆ ಕೈಮುಗಿದು ನಿಂತಿದ್ದಳು. ಮಗ ಕೈ ಹಿಡಿದು ಎಳೆಯುತ್ತಿದ್ದ. "ನಡಿ ಆಯಿ, ಏನೂ ಕಾಣಾಂಗಿಲ್ಲ ಇವತ್ತ. ಬಿಸಲಿದ್ದಾಗ ಬರೂಣು."

"ಬಿಸಲಿದ್ರೂ ನಮ್ಮೂರು ಕಾಣಾಂಗಿಲ್ಲೋ" ಎಂದಳು ಮುದುಕಿ. "ಇವತ್ತರ ಎಲ್ಲಾರಿಗೂ ನನ್ನಂಗ ಆತು."

ಬೆಂಕಿ ಸಣ್ಣ ಮಾಡ್ರಿ

ಚಳಿಗೆ ಜನ ಬೆಂಕಿ ಕೇಳುತ್ತಾರೆ. ಕಾಡಿನ ಪಕ್ಕ ಬೆಂಕಿ ಹಚ್ಚುವಂತಿಲ್ಲ. ಸಾಹೇಬರು ಎಲ್ಲಿಂದಲೋ ಒಂದು ಸುಳ್ಳು ಬೆಂಕಿ ತರಿಸಿದರು. ಕೆಳಗೊಂದು ಫ್ಯಾನು, ಕೆಂಪು ಬಲ್ಬು, ಮೇಲೆ ಕೇಸರಿ ಬಣ್ಣದ ರೇಷ್ಮೆ ಬಟ್ಟೆ. ಫ್ಯಾನು ತಿರುಗಿದರೆ ಬಟ್ಟೆ ಥೇಟ್ ಬೆಂಕಿಯ ಹಾಗೆ ಮೇಲೇಳುತ್ತಿತ್ತು. "ಬನ್ನಿ, ಬೆಂಕಿಯ ಸುತ್ತ ಕೂತು ಬೆಚ್ಚಗಾಗಿರಿ" ಎಂದು ನನ್ನ ಬಾಯಿಂದಲೇ ಹೇಳಿಸಿದರು.

ಜನ ಬಂದರು, ಸುತ್ತ ಕೂತರು, ಕೈ ಚಾಚಿದರು. ಫ್ಯಾನು ತಣ್ಣನೆಯ ಗಾಳಿಯನ್ನು ಎಲ್ಲರ ಮುಖಕ್ಕೂ ಬಡಿಯುತ್ತಿತ್ತು. ಆದರೂ ಯಾರೂ ಏಳಲಿಲ್ಲ. ಬೆಂಕಿಯ ಮುಂದೆ ಕೂತು ಚಳಿ ಆಗುತ್ತಿದೆ ಎಂದು ಮೊದಲು ಹೇಳುವವರು ಯಾರು?

ತೊಟ್ಟಿಲಿನ ಮೋಟಾರು, ಲೈಟು ನೋಡಿಕೊಳ್ಳುವವರು ಹಳಿಯಾಳದ ಒಬ್ಬ ಚಾಚಾ. ಬೆಂಕಿಯ ಸ್ವಿಚ್ಚೂ ಅವರ ಹತ್ತಿರವೇ ಇತ್ತು. ಬೆಳಗಾವಿ ಕಡೆಯ ಅಜ್ಜಿಯೊಬ್ಬಳು ಬಹಳ ಹೊತ್ತು ಸೈರಿಸಿಕೊಂಡಳು. ಕಡೆಗೆ ಸೆರಗು ಬಿಗಿಯಾಗಿ ಸುತ್ತಿಕೊಂಡು, ನಡುಗುತ್ತ ಚಾಚಾನ ಕಡೆ ತಿರುಗಿದಳು.

"ಯಪ್ಪಾ, ಬೆಂಕಿ ಜರಾ ಸಣ್ಣ ಮಾಡೋ. ಥಂಡಿ ಭಾಳ ಹತ್ತಾಕತ್ತೇತಿ!"

ಕಳೆದುಹೋದ ಯಜಮಾನರು

ಮಿಲ್ಲಿನಿಂದ ನಿವೃತ್ತರಾದ ಒಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಸ್ವಲ್ಪ ಹೊತ್ತಿಗೆ ಆ ತಾಯಿ ಒಬ್ಬಳೇ ಗಾಬರಿಯಾಗಿ ನನ್ನ ಕೋಣೆಗೆ ಬಂದಳು. "ನಮ್ಮನಿಯವರು ಕಾಣವಲ್ರು ರೀ. ಜರಾ ಒದರ್ರಿ."

"ಗುರ್ತು ಏನ್ರಿ?"

"ಮಂಕಿ ಕ್ಯಾಪ್ ಹಾಕ್ಯಾರ."

ಮೈಕಿನಲ್ಲಿ ಹೇಳಿದೆ. ಚಳಿಗಾಲದಲ್ಲಿ ನಮ್ಮ ಕಡೆ ಮಂಕಿ ಕ್ಯಾಪ್ ಹಾಕದ ಗಂಡಸು ಯಾರು? ಕೋಣೆಯ ಮುಂದೆ ಬರೀ ಮೂಗು ಕಣ್ಣು ಕಾಣುವ ಗಂಡಸರ ಸಾಲು ನಿಂತಿತು. ಆ ತಾಯಿ ಒಬ್ಬೊಬ್ಬರ ಮುಖ ಬಗ್ಗಿ ನೋಡಿ, ಬ್ಯಾಡ ಬ್ಯಾಡ ಎಂದು ಕೈಯಾಡಿಸುತ್ತ ಎಲ್ಲರನ್ನೂ ವಾಪಸು ಕಳಿಸಿದಳು. ಮತ್ತೆ ಒದರಿದೆ. ಮತ್ತೆ. ಕಡೆಗೆ ಚಾಚಾ ಬಂದು, ಕ್ಯಾಂಟೀನಿನ ಹಿಂದಿನ ಬೆಂಚಿನ ಮೇಲೆ ಒಬ್ಬರು ಚಹಾ ಕುಡಿಯುತ್ತ ಕೂತಿದ್ದಾರೆ, ಪ್ರತಿಸಲ ಒದರಿದಾಗ ನಗುತ್ತಿದ್ದಾರೆ ಎಂದರು. ಅವರೇ.

ನಾನೂ ಆ ತಾಯಿಯೂ ಹೋದೆವು. ಹೆಂಡತಿ ಕೇಳಿದಳು, "ಕೇಳಸಲಿಲ್ಲೇನು?"

"ಕೇಳಸ್ತು. ಕೆಲಸಾ ಮಾಡೂವಾಗ ಮಿಲ್ಲಿನ ಭೊಂಗಾ ಊದಿತಂದ್ರ ಓಡತಿದ್ದೆ. ಊಟದ ಗಂಗಾಳ ಬಿಟ್ಟು ಓಡೇನಿ. ಇವತ್ತ ಕರದ್ರೂ ಹೋಗಬಾರದು ಅಂತ ಕುಂತೇನಿ. ಭಾಳ ಆರಾಮ ಅನಸಾಕತ್ತೇತಿ."

ಆ ತಾಯಿ ನನ್ನ ಜೊತೆ ಹೊರಳಿ ಕೋಣೆಯ ತನಕ ಬಂದಳು. ತೊಟ್ಟಿಲನ್ನು ಒಮ್ಮೆ ನೋಡಿದಳು, ಸೀರೆ ಎತ್ತಿ ಸಿಕ್ಕಿಸಿದಳು.

"ಅಕ್ಕಾರ, ಈಗ ನಾ ಕಳದೇನಿ ಅಂತ ಹೇಳ್ರಿ. ಮದಿವ್ಯಾದಾಗಿಂದ 'ಏ, ಎಲ್ಲಿದ್ದಿ' ಅಂದಕೂಡ್ಲೇ ಓಡೇನಿ. ನಾನೂ ಒಂದೀಟು ಆರಾಮ ತೊಗೋತೇನಿ."

ಕರಡಿಯ ಹೊಟ್ಟೆ

ಮಕ್ಕಳ ಜೊತೆ ಫೋಟೋಕ್ಕೆ ನಿಲ್ಲಲು ನಮ್ಮಲ್ಲೊಂದು ಕರಡಿ ಇತ್ತು. ಕರಡಿಯ ವೇಷದೊಳಗೆ ಇದ್ದವರು ಎಮ್ಮೆ ಸಾಕುವ ಒಬ್ಬ ಗೌಳಿ ಮಾಮಾ. ಪಾರ್ಕಿಗೆ ಬೇಲಿ ಬೀಳುವ ಮೊದಲು ಅವರ ಎಮ್ಮೆ ಮೇಯುತ್ತಿದ್ದದ್ದು ಇದೇ ಗುಡ್ಡದ ಮೇಲೆ. ಮೇವಿನ ಜಾಗ ಹೋಯಿತು, ಕರಡಿಯ ಕೆಲಸ ಸಿಕ್ಕಿತು. ಚಳಿಗಾಲದಲ್ಲಿ ನಮಗೆಲ್ಲ ಅವರ ಮೇಲೆ ಹೊಟ್ಟೆಕಿಚ್ಚು. ಬೆಚ್ಚಗಿರುವ ಕೆಲಸ ಅದೊಂದೇ. ಸಾಹೇಬರದು ಒಂದೇ ನಿಯಮ, ಕರಡಿ ಮಾತಾಡಬಾರದು.

ಒಂದು ದಿನ ಬೇಲಿ ಎಲ್ಲೋ ಹರಿದು, ಎಮ್ಮೆಗಳು ಹಳೆಯ ದಾರಿ ಹಿಡಿದು ನೇರ ಪಾರ್ಕಿನೊಳಗೆ ಬಂದವು. ಡಿಕ್ಕಿ ಕಾರಿನ ಅಂಗಳದಲ್ಲಿ ಸಾಲಾಗಿ ನಿಂತವು. ಸಾಹೇಬರು ಕೋಲು ಬೀಸಿದರು, ಸೀಟಿ ಊದಿದರು. ಎಮ್ಮೆಗಳು ಕಿವಿ ಸಹ ಅಲ್ಲಾಡಿಸಲಿಲ್ಲ. ಅವಕ್ಕೆ ಗೊತ್ತಿದ್ದದ್ದು ಮಾಮಾನ ದನಿ ಒಂದೇ. ಕರಡಿ ದೂರದಲ್ಲಿ ನಿಂತು ಕೈಸನ್ನೆ ಮಾಡುತ್ತಿತ್ತು.

"ಏ, ಏನರ ಮಾಡಪಾ!" ಎಂದರು ಸಾಹೇಬರು.

ಕರಡಿ ಬಾಯಿ ತೋರಿಸಿ, ಮಾತಾಡುವಂತಿಲ್ಲವಲ್ಲ ಎಂದು ಸನ್ನೆ ಮಾಡಿತು. ಅಷ್ಟರಲ್ಲಿ ಒಂದು ಎಮ್ಮೆ ಟಿಕೆಟ್ ಕೌಂಟರಿನ ಪರದೆ ತಿನ್ನಲು ಶುರು ಮಾಡಿತು. ಮಾಮಾ ತಡೆಯಲಾರದೆ ಕರಡಿಯ ತಲೆ ಕಿತ್ತು ಕಂಕುಳಲ್ಲಿ ಹಿಡಿದು, "ಹೋ! ಹೋ!" ಎಂದು ಕೂಗಿದರು. ಎಮ್ಮೆಗಳು ತಲೆಯೆತ್ತಿ ನೋಡಿ, ಸುಮ್ಮನೆ ಅವರ ಹಿಂದೆ ಹೊರಟವು. ಜನ ಇದನ್ನೂ ಒಂದು ಆಟ ಎಂದುಕೊಂಡು ಚಪ್ಪಾಳೆ ಹೊಡೆದರು. ಒಂದು ಸಣ್ಣ ಹುಡುಗಿ ಮಾತ್ರ ಅಳುತ್ತ ಅಪ್ಪನ ಕಾಲು ತಬ್ಬಿಕೊಂಡು ಚೀರಿದಳು, "ಪಪ್ಪಾ, ಕರಡಿ ಅಜ್ಜನ್ನ ನುಂಗಿತ್ತು! ಈಗ ಉಗುಳೇತಿ!"

ಮರುದಿನ ಇದನ್ನು ಮಾಮಾನಿಗೆ ಹೇಳಿ ನಾನು ನಕ್ಕೆ. ಅವರು ಹಾಕಿಕೊಳ್ಳಲು ಕರಡಿಯ ತಲೆ ಎತ್ತಿ ಹಿಡಿದಿದ್ದರು.

"ಹುಡಿಗಿ ಅರ್ಧಾ ಖರೇ ಹೇಳ್ಯಾಳ ನೋಡ್ರಿ ಅಕ್ಕಾರ. ನುಂಗಿದ್ದು ಖರೇ. ಉಗುಳಿದ್ದು ಸುಳ್ಳು."

ಆಕಿ ನಾನ

ವರ್ಷದ ಕೊನೆಯ ಗದ್ದಲಕ್ಕೆ ಮೊದಲು ಸಾಹೇಬರು ನನ್ನ ಮೇಲೆ ಬಹಳ ಕರುಣೆ ತೋರಿಸಿದರು. "ನಿಮ್ಮ ಗಂಟಲಿಗೆ ಎಷ್ಟು ತ್ರಾಸ! ಒಮ್ಮೆ ಎಲ್ಲಾ ರೆಕಾರ್ಡ್ ಮಾಡಿಬಿಡೂಣು. ಆಮ್ಯಾಲ ನೀವು ಆರಾಮ ಕುಂದರ್ರಿ." ಹುಬ್ಬಳ್ಳಿಯಿಂದ ಮಷೀನಿನವನು ಬಂದ. ನಾನು ಬಿಸಿನೀರು ಕುಡಿದು, ಹುಟ್ಟಿದಾಗಿನಿಂದ ಯಾರ ಜೊತೆಗೂ ಮಾತಾಡದಷ್ಟು ಮೆತ್ತಗೆ ಮಾತಾಡಿದೆ. ನಡುವೆ ಚಾಚಾ ಚಹಾ ತಂದರು. ಮಷೀನು ನಿಂತಿದೆ ಎಂದುಕೊಂಡು ಅವರ ಜೊತೆ ನಾಲ್ಕು ಮಾತು ಆಡಿದೆ.

ಹೊಸ ವರ್ಷದ ಜನ ಇಳಿದು ಹೋದ ಮೇಲೆ ಸಾಹೇಬರು ಕರೆದರು. "ನಾಳಿಂದ ಬರೂದು ಬ್ಯಾಡ್ರಿ. ನಿಮ್ಮ ದನಿ ಹೆಂಗೂ ಇಲ್ಲೇ ಐತಲ್ಲ."

ಮನೆಗೆ ಬಂದೆ. ನಮ್ಮ ಮನೆಯವರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಸಂಕ್ರಾಂತಿಯ ದಿನ ರೊಟ್ಟಿ ಬಡಿಯುತ್ತಿದ್ದಾಗ ಸಾಹೇಬರ ಫೋನು ಬಂತು. ಅವರ ದನಿಗಿಂತ ಮೊದಲು ನನ್ನ ದನಿಯೇ ಕೇಳಿಸಿತು. ಗುಡ್ಡದ ತುಂಬ ನಾನೇ ಮೊಳಗುತ್ತಿದ್ದೆ. "ಕಸವನ್ನು ಬುಟ್ಟಿಯಲ್ಲೇ ಹಾಕಿರಿ. ಮಕ್ಕಳ ಕೈ ಹಿಡಿದುಕೊಳ್ಳಿರಿ. ಕುಂದರ್ರಿ ಚಾಚಾ, ನಮ್ಮ ಸಾಹೇಬರನ್ನ ನೋಡೀರೇನು ಇವತ್ತ? ಸ್ವೆಟರ್ ಹಾಕಿದ ಕುಂಬಳಕಾಯಿ ಕಂಡಂಗ ಕಾಣತಾರ."

"ಕೇಳಿದ್ರಿ?" ಎಂದರು ಸಾಹೇಬರು. "ಇವತ್ತ ಮೊದಲನೇ ಸಲ ಪೂರಾ ರೆಕಾರ್ಡ್ ಹಚ್ಚೇವಿ, ಮುಂಜಾನಿಂದ ತಿರುಗಿ ತಿರುಗಿ ಇದನ್ನ ಹೇಳಾಕತ್ತೀರಿ. ಜನ ನನ್ನ ನೋಡಿ ನಗಾಕತ್ತಾರ."

"ಸ್ವೆಟರ್ ತಗೀರಿ ಸರ್."

"ಭಾಳ ಥಂಡಿ ಐತ್ರೀ!"

"ಹಂಗಾರ ಮಷೀನ್ ಬಂದ್ ಮಾಡ್ರಿ."

"ಹೆಂಗ ಬಂದ್ ಮಾಡೂದು ಯಾರಿಗೂ ಗೊತ್ತಿಲ್ಲ. ಮಷೀನಿನಾಂವ ಫೋನ್ ಎತ್ತವಲ್ಲ. ನಿಮ್ಮ ದನಿಗೆ ನೀವರ ಜರಾ ಬುದ್ಧಿ ಹೇಳ್ರಿ!"

ಹೇಗೋ ಆ ಮಾತನ್ನು ಕತ್ತರಿಸಿ ತೆಗೆದರಂತೆ. ಉಳಿದ ನಾನು ಅಲ್ಲೇ ಉಳಿದೆ.

ಮುಂದೆ ಚಳಿ ಇನ್ನೂ ಇದ್ದಾಗಲೇ ಮುಂಡಗೋಡ ಕಡೆಯ ಚಿಗಳ್ಳಿಯಿಂದ ನನ್ನ ತಂಗಿ, ಗಂಡ ಮಕ್ಕಳನ್ನು ಕಟ್ಟಿಕೊಂಡು ಬಂದಳು. ಅಕ್ಕನ ಪಾರ್ಕು ನೋಡಬೇಕಂತೆ. ಕೆಲಸ ಹೋಗಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಇವತ್ತು ರಜೆ ಇದೆ ಎಂದು ಸುಳ್ಳು ಹೇಳಿ ಕರೆದುಕೊಂಡು ಹೋದೆ. ಗೇಟಿನಲ್ಲಿ ನನ್ನ ಗುರುತಿಲ್ಲದ ಹೊಸ ವಾಚ್‌ಮನ್ ಕೈ ಅಡ್ಡ ಹಿಡಿದ.

"ಟಿಕೆಟ್?"

"ನಮ್ಮಕ್ಕ ಇಲ್ಲೇ ಕೆಲಸಾ ಮಾಡತಾಳ" ಎಂದಳು ತಂಗಿ, ಎದೆಯುಬ್ಬಿಸಿ.

"ಯಾವ ಕೆಲಸಾ?"

ತಂಗಿ, ಅವಳ ಗಂಡ, ಮಕ್ಕಳು, ಹಿಂದಿನ ಸಾಲು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಕಂಬದ ಮೇಲಿನ ಸ್ಪೀಕರಿಗೆ ಬೆರಳು ಮಾಡಿದೆ. "ಈಗ ಮಾತಾಡಾಕತ್ತಾಳಲ್ಲ, ಆಕಿ ನಾನ."

ವಾಚ್‌ಮನ್ ಮೇಲೆ ನೋಡಿದ, ನನ್ನನ್ನು ನೋಡಿದ. "ಎಲ್ಲಿ, ಹಂಗಾರ ಮಾತಾಡ್ರಿ ನೋಡೂಣು."

ಶಾಲು ಸರಿಮಾಡಿಕೊಂಡು, ಕೈಮುಗಿದು, ಸ್ಪೀಕರಿನ ಜೊತೆಜೊತೆಗೇ ಹೇಳಿದೆ. "ಗುಡ್ಡದ ಮೇಲಿನ ನಮ್ಮ ಪಾರ್ಕಿಗೆ ತಮಗೆಲ್ಲರಿಗೂ ಹೃತ್ಪೂರ್ವಕ ಸ್ವಾಗತ." ಥಂಡಿಗೆ ಗಂಟಲು ಕಟ್ಟಿತ್ತು. ಆದರೂ ಒಂದಕ್ಷರ ತಪ್ಪಲಿಲ್ಲ.

ವಾಚ್‌ಮನ್ ಮುಗಿಯುವ ತನಕ ಕಣ್ಣು ಮುಚ್ಚಿ ಕೇಳಿ, ಬಹಳ ಮರ್ಯಾದೆಯಿಂದ ತಲೆಯಾಡಿಸಿದ.

"ಇಲ್ರೀ ಅಕ್ಕಾರ. ಅವರ ದನಿ ಭಾಳ ಛಲೋ ಐತಿ. ನಿಮಗ ಅಷ್ಟು ಬರಾಂಗಿಲ್ಲ. ಅಲ್ಲಿ ಕೌಂಟರಿನ್ಯಾಗ ಟಿಕೆಟ್ ತೊಗೋರಿ."