ಎಡಗೆನ್ನೆಯ ರೈಫಲ್

ನಮ್ಮ ಸೋದರಮಾವನ ಮನೆಯಲ್ಲಿ ಸೊಳ್ಳೆ ಹೊಡೆಯುವ ಬ್ಯಾಟಿಗೆ ಪ್ರವೇಶವಿಲ್ಲ. ಜಿರಲೆ ಕಂಡರೆ ಪೊರಕೆಯಿಂದ ಮೆಲ್ಲಗೆ ಸವರಿ, ಗೇಟಿನವರೆಗೂ ಬೀಳ್ಕೊಟ್ಟು ಬರುತ್ತಾರೆ. ಅದೇ ಮನೆಯ ಕಬ್ಬಿಣದ ಬೀರುವಿನಲ್ಲಿ ಕಾಡುಹಂದಿ ಹೊಡೆಯುವ ರೈಫಲ್ ಇದೆ! ಇಂಥವರನ್ನು ಏನೆಂದು ಕರೆಯಬೇಕು, ನೀವೇ ಹೇಳಿ. ನಾವಂತೂ ಮಾವ ಎಂದು ಕರೆದು ಸುಮ್ಮನಾಗಿದ್ದೇವೆ.

ರೈಫಲ್ ನಮ್ಮ ತಾತನದು. ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಲ್ಲಿ ಎಳೆದು ತಳ್ಳಬೇಕಾದ ಹಳೆಯ ಕಾಲದ್ದು. ಪುಟ್ಟೇನಹಳ್ಳಿ ಕೆರೆಯಾಚೆ ನಮ್ಮವರ ರಾಗಿ ಹೊಲವಿದ್ದಾಗ ಹಂದಿ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿದ್ದರಂತೆ. ಈಗ ಹೊಲವೂ ಇಲ್ಲ, ಹಂದಿಯೂ ಇಲ್ಲ. ಅಲ್ಲಿ ಅಪಾರ್ಟ್‌ಮೆಂಟಿನವರ ಈಜುಕೊಳವಿದೆ. ಲೈಸೆನ್ಸ್ ಮಾತ್ರ ಮಾವನ ಹೆಸರಿಗೆ ಬಂದಿದೆ. ಜೆ.ಪಿ. ನಗರದ ಮನೆಗಳ ಬಾಡಿಗೆ ತಾನಾಗಿಯೇ ಬರುವುದರಿಂದ ಮಾವನಿಗೆ ಬಿಡುವೋ ಬಿಡುವು. ಬಿಡುವಿರುವ ಮನುಷ್ಯ ಸುಮ್ಮನೆ ಕೂರಬಹುದಲ್ಲವೇ? ಊರಾಚೆಯ ರೈಫಲ್ ಕ್ಲಬ್ಬಿಗೆ ಸೇರಿಕೊಂಡರು. ಅಲ್ಲಿ ಮುನ್ನೂರು ಮೀಟರ್ ದೂರದಲ್ಲಿ ಒಂದು ಕಬ್ಬಿಣದ ತಟ್ಟೆ ನೇತುಹಾಕಿದ್ದಾರೆ. ಅದನ್ನು ಅಪ್ಪನ ರೈಫಲ್ಲಿನಿಂದಲೇ ಹೊಡೆಯಬೇಕೆಂದು ಮಾವ ಪಟ್ಟು ಹಿಡಿದರು.

ಹೊಲದಂಚಿನ ಹಂದಿಗೆ ಸಾಕಾಗುತ್ತಿದ್ದ ರೈಫಲ್ಲು ಅಷ್ಟು ದೂರಕ್ಕೆ ಸಾಲುತ್ತದೆಯೇ? ರಿಪೇರಿ ಶುರುವಾಯಿತು. ಗುಂಡು ಹೊರಡುವ ನಳಿಗೆ ತನ್ನ ಕೆಳಗಿನ ಮರಕ್ಕೆ ಎಲ್ಲೂ ತಾಗಬಾರದಂತೆ, ತಾಗಿದರೆ ಗುಂಡು ಪಕ್ಕಕ್ಕೆ ಹೋಗುತ್ತದಂತೆ. ಹಾಗಾಗಿ ದಿನಾ ಪೂಜೆ ಮುಗಿದ ಮೇಲೆ ಅವೆರಡರ ನಡುವೆ ಬಸ್ ಟಿಕೆಟ್ ತೂರಿಸಿ ಈ ತುದಿಯಿಂದ ಆ ತುದಿಗೆ ಎಳೆದು ನೋಡುವರು. ಸಿಕ್ಕಿಕೊಂಡ ಕಡೆ ಮರವನ್ನು ಉಜ್ಜುವರು. ಅತ್ತೆ ಬನಶಂಕರಿಗೆ ಹೋಗಿ ಬಂದರೆ ಪ್ರಸಾದಕ್ಕಿಂತ ಮೊದಲು ಅವರ ಉಚಿತ ಟಿಕೆಟ್ಟಿಗೆ ಕೈಯೊಡ್ಡುತ್ತಿದ್ದರು.

ಆಮೇಲೆ ಬಂದೂಕಿನ ಅಂಗಡಿಯಿಂದ ದುರ್ಬೀನು ತಂದು ಮೇಲೆ ಕೂರಿಸಿದರು. ಕೂರಿಸಿದ್ದೇ ತಡ, ಅಂಗಡಿಗೆ ಹೋಗಿ ಜಗಳ.

"ರೀ, ಮಧ್ಯದಲ್ಲಿ ಮಸಿ ಇದೆ. ಎರಡು ಗೆರೆ ಸೇರೋ ಜಾಗಾನೇ ಕಾಣಲ್ಲ."

ಅಂಗಡಿಯವರು ಬದಲಿಸಿ ಕೊಟ್ಟರು. ಅದರಲ್ಲೂ ಮಸಿ. ಇನ್ನೊಂದು ಕೊಟ್ಟರು. ಅದರಲ್ಲೂ ಮಸಿ! ಕೊನೆಗೆ ಅಂಗಡಿಯವರು ತಾವೇ ಕಣ್ಣಿಟ್ಟು ನೋಡಿ, "ಸಾರ್, ಬೇಜಾರ್ ಮಾಡ್ಕೋಬೇಡಿ. ಒಂದ್ಸಲ ಎಡಗಣ್ಣಲ್ಲಿ ನೋಡಿ" ಎಂದರು. ಮಾವ ನೋಡಿದರು. ಮಸಿ ಇರಲಿಲ್ಲ.

ಮಸಿ ಇದ್ದದ್ದು ಮಾವನ ಬಲಗಣ್ಣಿನಲ್ಲಿ. ಕಣ್ಣಿನೊಳಗಿನ ಪರದೆ ನಡುವೆ ಸವೆದಿದೆ ಎಂದರು ಜಯನಗರ ನಾಲ್ಕನೇ ಬ್ಲಾಕಿನ ಡಾಕ್ಟರು. ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ, ಹೋದದ್ದು ಬರುವುದಿಲ್ಲ. ಎಡಗಣ್ಣು ಸದ್ಯಕ್ಕೆ ಚೆನ್ನಾಗಿದೆ, ಮುಂದಿನದು ಹೇಳಲಾಗದು ಎಂದರು. ಅತ್ತೆ ಮನೆಗೆ ಬಂದವರೇ ದೇವರ ಮುಂದೆ ಕೂತುಬಿಟ್ಟರು.

"ಮಾವ, ಇನ್ನು ಆ ರೈಫಲ್ ಸರೆಂಡರ್ ಮಾಡ್ಬಿಡಿ" ಎಂದೆ ನಾನು.

"ಯಾಕೆ? ಎಡಗಣ್ಣಿಲ್ವಾ?" ಎಂದವರೇ ಸ್ಕ್ರೂಡ್ರೈವರ್ ತಂದು ರೈಫಲ್ಲಿನ ಮರವನ್ನು ಬಿಚ್ಚಿಹಾಕಿದರು.

ಬಲಗೆನ್ನೆಗೆ ಮಾಡಿದ ರೈಫಲ್ಲನ್ನು ಎಡಗೆನ್ನೆಗೆ ಒಗ್ಗಿಸಬೇಕಾದರೆ ಹೊಸ ಮರವೇ ಆಗಬೇಕು. ಒಂದು ಮಧ್ಯಾಹ್ನ ನಡುಮನೆಯಲ್ಲಿದ್ದ ತೇಗದ ತೂಗುಮಣೆ ಮಾಯವಾಯಿತು.

"ಅದು ನಮ್ಮಪ್ಪ ಕೊಟ್ಟಿದ್ದು ಕಣ್ರೀ" ಎಂದರು ಅತ್ತೆ.

"ಎಲ್ಲಿಗೂ ಹೋಗಲ್ಲ ಬಿಡೇ. ನಮ್ಮನೆ ಬೀರೂನಲ್ಲೇ ಇರತ್ತೆ."

ಇನ್ನು ಕೆನ್ನೆ ಕೂರುವ ಜಾಗಕ್ಕೆ ಅಚ್ಚು ಬೇಕಿತ್ತು. ಬೇರೆಯವರಾಗಿದ್ದರೆ ಜೇಡಿಮಣ್ಣು ತರುತ್ತಿದ್ದರು. ನಮ್ಮ ಮಾವ ಅಡುಗೆಮನೆಯಿಂದ ರಾಗಿಮುದ್ದೆ ತಂದು ಮರದ ಮೇಲೆ ಮೆತ್ತಿ, ಎಡಗೆನ್ನೆಯನ್ನು ಒತ್ತಿಬಿಟ್ಟರು. ಬಿಸಿ ಮುದ್ದೆ! ಕೆನ್ನೆ ಕೆಂಪಗಾಯಿತು, ಅಚ್ಚು ಮಾತ್ರ ಸೊಗಸಾಗಿ ಬಂತು. ಒಣಗಲೆಂದು ಟೆರೇಸಿನ ಮೇಲಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಕಾಗೆಗಳು ಮಾವನ ಕೆನ್ನೆಯನ್ನು ತಿಂದು ಹೋಗಿದ್ದವು. ಮರುದಿನ ಇನ್ನೊಂದು ಮುದ್ದೆ ಮೆತ್ತಿ, ಅದು ಒಣಗುವವರೆಗೂ ಕೋಲು ಹಿಡಿದು ಕಾವಲು ಕೂತರು. ಅಪ್ಪ ಹಂದಿ ಕಾದರು, ಮಗ ಕಾಗೆ ಕಾದರು.

ಎಡಗೈ ಪಳಗಲೆಂದು ಹಲ್ಲುಜ್ಜುವುದು, ಬೀಗ ತೆರೆಯುವುದು ಎಲ್ಲವೂ ಎಡಗೈಗೆ ವರ್ಗವಾದವು. ದೇವಸ್ಥಾನದಲ್ಲಿ ತೀರ್ಥಕ್ಕೂ ಎಡಗೈಯನ್ನೇ ಚಾಚಿದರು. ಅರ್ಚಕರು ಉದ್ಧರಣೆಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡರು.

"ಏನ್ ಸಾರ್ ಇದು?"

"ಪ್ರಾಕ್ಟೀಸು ಸ್ವಾಮಿ."

"ಪ್ರಾಕ್ಟೀಸೆಲ್ಲ ಹೊರಗಡೆ ಇಟ್ಕೊಳ್ಳಿ."

ಅಂತೂ ಹೊಸ ಮರ ಸಿದ್ಧವಾಯಿತು, ರೈಫಲ್ ಅದರಲ್ಲಿ ಕೂತಿತು. ಅಷ್ಟರಲ್ಲಿ ಚುನಾವಣೆ ಬಂತು! ಚುನಾವಣೆ ಬಂದರೆ ಲೈಸೆನ್ಸ್ ಇರುವವರು ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ಮಾವ ಅದಕ್ಕೆ ಹಳೆಯ ಪಂಚೆ ಸುತ್ತಿ ಒಪ್ಪಿಸಿ ಬಂದರು. ಆದರೆ ಬಿಟ್ಟಿರಲು ಆಗಬೇಕಲ್ಲ? ಬಾಣಂತಿ ಮಗಳನ್ನು ನೋಡಲು ಹೋಗುವ ಹಾಗೆ ವಾರವಾರ ಠಾಣೆಗೆ ಹೊರಟರು.

"ಸಾರ್, ಇಲ್ಲಿ ಅದಕ್ಕೇನೂ ಆಗಲ್ಲ" ಎಂದ ಅಲ್ಲಿನ ಪೇದೆ.

"ತೇವಕ್ಕೆ ಮರ ಊದ್ಕೊಂಡ್ರೆ ನಳಿಗೆಗೆ ತಾಗತ್ತೆ ಕಣಯ್ಯ."

ಕೊನೆಕೊನೆಗೆ ಪಾಪ, ಆ ಪೇದೆಯೇ ಟಿಕೆಟ್ ತೂರಿಸಿ ನೋಡಿ ಫೋನ್ ಮಾಡುತ್ತಿದ್ದ. "ಸಲೀಸಾಗಿ ಹೋಯ್ತು ಸಾರ್. ನೀವು ಊಟ ಮಾಡಿ ಮಲ್ಕೊಳ್ಳಿ."

ನಮಗೆಲ್ಲ ನಗು. ಮಾವ ಮಾತ್ರ ಕ್ಯಾಲೆಂಡರ್ ನೋಡಿ ಸಿಡಿಮಿಡಿಗೊಳ್ಳುತ್ತಿದ್ದರು. "ಅಷ್ಟು ಆತುರ ಯಾಕ್ರೀ? ತಟ್ಟೆ ಎಲ್ಲೂ ಹೋಗಲ್ಲ" ಎಂದರು ಅತ್ತೆ. "ತಟ್ಟೆ ಹೋಗಲ್ಲ" ಎಂದು ಮಾವ ಅಲ್ಲಿಗೇ ನಿಲ್ಲಿಸಿದರು. ಅವರು ಏನನ್ನು ನುಂಗಿಕೊಂಡರೆಂದು ಅತ್ತೆಗೂ ಗೊತ್ತು, ನನಗೂ ಗೊತ್ತು.

ರೈಫಲ್ ವಾಪಸು ಬಂದ ಮೇಲಿನ ಮೊದಲ ಭಾನುವಾರ ಕ್ಲಬ್ಬಿಗೆ ಹೋದೆವು. ಕಾರು ಓಡಿಸಿದವಳು ನಾನು. ಎಂದೂ ಬಾರದ ಅತ್ತೆ ಅವತ್ತು ಚಿತ್ರಾನ್ನದ ಡಬ್ಬಿ ಹಿಡಿದು ತಾವಾಗಿಯೇ ಬಂದು ಹಿಂದಿನ ಸೀಟಿನಲ್ಲಿ ಕೂತಿದ್ದರು. ಮಾವ ಚಾಪೆಯ ಮೇಲೆ ಬೋರಲು ಮಲಗಿ, ಎಡಗೆನ್ನೆಯನ್ನು ತೂಗುಮಣೆಗೆ ಒತ್ತಿದರು. ಮೊದಲ ಗುಂಡು ತಟ್ಟೆಯ ಪಕ್ಕ ಮಣ್ಣೆಬ್ಬಿಸಿತು. ಎರಡನೆಯದು ಮೇಲೆ ಹೋಯಿತು. ಕ್ಲಬ್ಬಿನವರು ಒಬ್ಬರು, "ಸಾರ್, ನೂರು ಮೀಟರಿಂದ ಹೊಡೀರಿ, ಈ ವಯಸ್ಸಿಗೆ ಅದೇ ಜಾಸ್ತಿ" ಎಂದರು. ಮಾವ ಕೇಳಿಸಿಕೊಳ್ಳಲಿಲ್ಲ. ಬೋಲ್ಟ್ ಎಳೆದರು, ತಳ್ಳಿದರು, ಬಹಳ ಹೊತ್ತು ಹಾಗೆಯೇ ಮಲಗಿದ್ದರು.

ಗುಂಡು ಸಿಡಿಯಿತು. ಸ್ವಲ್ಪ ತಡೆದು ದೂರದಿಂದ ಠಣ್ ಎಂದಿತು.

ನಾನು ಕುಣಿದಾಡಿದೆ. ಮಾವ ಕುಣಿಯಲಿಲ್ಲ. ರೈಫಲ್ ಖಾಲಿ ಮಾಡಿ ಚಾಪೆಯ ಮೇಲಿಟ್ಟು, ಮಂಡಿ ಊರಿ ಎದ್ದು ಅತ್ತೆಯ ಮುಂದೆ ಬಂದು ನಿಂತರು.

"ಹೊಡೆದ್ರಲ್ಲ, ಇನ್ನಾದ್ರೂ ಬಿಡ್ತೀರಾ?" ಎಂದರು ಅತ್ತೆ.

ಮಾವ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು. "ಡಾಕ್ಟ್ರು ಹೇಳಿದಾಗಿಂದ ಒಂದೇ ಭಯ ಕಣೇ. ಈ ಎಡಗಣ್ಣೂ ಹೋದ್ರೆ ನಿನ್ನ ಮುಖ ನೆನಪಲ್ಲೇ ನೋಡ್ಬೇಕಲ್ಲ ಅಂತ. ಅಷ್ಟು ದೂರದ ತಟ್ಟೇನೇ ಕಾಣ್ತು. ನೀನು ಪಕ್ಕದಲ್ಲೇ ಇರ್ತೀಯಲ್ಲ."

ಮಾವ ನೋಡಿ ಮುಗಿಸುವವರೆಗೂ ಅತ್ತೆ ಅಲುಗಾಡದೆ ನಿಂತರು.