ಮಾವ ಹೊಲಿಸಿದ ಕೋಟು

ಗುಮಾಸ್ತ ಹಳೆ ಬ್ಲೇಡು ಹಿಡಿದು ಕೋಟಿನ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದ. ಹನ್ನೆರಡು ವರ್ಷದ ಹಿಂದೆ ಅವನ ಮದುವೆಗೆಂದು ಮಾವ ಹೊಲಿಸಿಕೊಟ್ಟ ಕೋಟು. ಇವತ್ತು ಸಂಜೆ ಭಾಮೈದನ ಮದುವೆಗೂ ಅದನ್ನೇ ತೊಟ್ಟು ಬರಬೇಕೆಂದು ಮಾವನ ಅಪ್ಪಣೆ. ಕೋಟು ಇದ್ದ ಹಾಗೇ ಇತ್ತು. ಹೊಟ್ಟೆ ಮಾತ್ರ ಮಾತು ತಪ್ಪಿತ್ತು.

"ಕೋಟು ಬಿಗಿಯಾಗುತ್ತೆ ಅಂತ ಅಪ್ಪನಿಗೆ ಹೇಳೋಕೆ ಏನ್ರೀ ಕಷ್ಟ?" ಎಂದಳು ಹೆಂಡತಿ.

ಕಷ್ಟವಿತ್ತು. ಮದುವೆಗೆ ವಾರವಿದ್ದಾಗ, ಇದೇ ಕೋಟು ತೊಟ್ಟು ನೋಡಿದ ದಿನ, ಅವನಿಗೆ ಎಲ್ಲಿಲ್ಲದ ಧೈರ್ಯ ಬಂದು, 'ನಿಮ್ಮ ಮಗಳ ಬಾಯಿ ಕಂಡರೆ ಭಯ, ಈ ಮದುವೆ ಬೇಡ' ಎಂದು ಮಾವನಿಗೆ ಕಾಗದ ಬರೆದಿದ್ದ. ಆಫೀಸಿನ ಟಪಾಲಿನ ಜೊತೆ ಅದನ್ನೂ ಕೋಟಿನ ಒಳಜೇಬಿಗೆ ತುರುಕಿಕೊಂಡು ಹೋಗಿ, ಎಲ್ಲವನ್ನೂ ಕಣ್ಣುಮುಚ್ಚಿ ಡಬ್ಬಿಗೆ ಹಾಕಿದ್ದ. ಮಾವ ಆ ವಿಷಯ ಎತ್ತಲೇ ಇಲ್ಲ. ಓದಿಯೂ ನುಂಗಿಕೊಂಡ ಮಹಾನುಭಾವ! ಆ ಋಣಕ್ಕೆ ಅಳಿಯ ಅವರ ಚೀಲ ಹೊತ್ತ, ತಲೆಗೆ ಬಣ್ಣ ಹಚ್ಚಿದ, ಒಂದೇ ಜೋಕಿಗೆ ಹನ್ನೆರಡು ವರ್ಷ ನಕ್ಕ.

ಬ್ಲೇಡು ಜಾರಿತು. ಹೊಲಿಗೆಯ ಬದಲು ಬಟ್ಟೆಯನ್ನೇ ಗೇಣುದ್ದ ಸೀಳಿತು. ಗುಮಾಸ್ತ ಪಕ್ಕದ ಮನೆಯ ಟೈಲರಮ್ಮನ ಬಳಿ ಓಡಿದ. ಅಲ್ಲಿ ಪೇಪರ್ ಓದುತ್ತಾ ಕೂತಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ತಾತ ಕೇಳಿದ, "ಏನಪ್ಪಾ, ಹೊಟ್ಟೆಗೆ ಕೋಟು ಹೊಲಿಸ್ತೀಯೋ, ಕೋಟಿಗೆ ಹೊಟ್ಟೆ ಕತ್ತರಿಸ್ತೀಯೋ?"

"ಉಸಿರು ಬಿಡಿ ಸಾರ್," ಎಂದಳು ಟೈಲರಮ್ಮ, ಟೇಪು ಹಿಡಿದು. "ಇನ್ನೂ ಬಿಡಿ. ಈಗ ಬಿಗಿ ಹಿಡಿದ್ರೆ ಊಟದ ಹೊತ್ತಿಗೆ ಗುಂಡಿ ಬೀಗರ ಎಲೆಗೆ ಹಾರುತ್ತೆ. ಅಸ್ತರು ಪೂರ್ತಿ ಬಿಚ್ಬೇಕು. ಅಷ್ಟರಲ್ಲಿ ಕ್ಷೌರ ಮಾಡಿಸ್ಕೊಂಡು ಬನ್ನಿ."

ಕ್ಷೌರ ಮುಗಿಸಿ ಬಂದು ತೊಟ್ಟರೆ, ಗುಂಡಿ ಬೆಣ್ಣೆಯಂತೆ ಕೂತಿತು.

"ಒಳಜೇಬಿನ ತಳ ಮೊದಲಿಂದ್ಲೂ ಹೊಲಿದೇ ಇಲ್ಲ ಸಾರ್. ಅಸ್ತರಿನೊಳಗೆ ಒಂದು ಕಾಗದ ಬಿದ್ದಿತ್ತು. ನಿಮ್ಮ ಮಾವನವರ ವಿಳಾಸ."

ಗುಮಾಸ್ತ ಹನ್ನೆರಡು ವರ್ಷದಲ್ಲಿ ಮೊದಲ ಬಾರಿ ನೆಟ್ಟಗೆ ನಿಂತ. "ಹಾಗಾದ್ರೆ ಅವರು ಓದೇ ಇಲ್ಲ! ಇನ್ಮೇಲೆ ಅವರ ಚೀಲ ಅವರೇ ಹೊತ್ಕೊಳ್ಳಲಿ! ಎಲ್ಲಿ ಆ ಕಾಗದ? ಒಲೆಗೆ ಹಾಕ್ತೀನಿ."

ತಾತ ಎದೆಯುಬ್ಬಿಸಿದ. "ಅಲ್ಲಪ್ಪಾ, ಸ್ಟಾಂಪು ಹಚ್ಚಿದ ಕಾಗದ, ತಲುಪಿಸದೆ ಬಿಡ್ತೀನಾ? ನಿನ್ನ ಮಾವ ಕಳಿಸಿದ ಕಾರಲ್ಲಿ ನಿನ್ನ ಹೆಂಡ್ತಿ ಹೊರಟಿದ್ಲು. ಓಡಿಹೋಗಿ ಅವಳ ಕೈಲೇ ಕೊಟ್ಟು ಕಳಿಸಿದೆ. ಲಕೋಟೆ ಅಂಟು ಬಿಟ್ಟಿತ್ತು. ದಾರೀಲಿ ಓದ್ಕೊಂಡು ಹೋಗ್ತೀನಿ ಅಂದ್ಲು, ಪಾಪ."

ಸಡಿಲ ಮಾಡಿಸಿದ ಕೋಟು ಗುಮಾಸ್ತನಿಗೆ ಇದ್ದಕ್ಕಿದ್ದಂತೆ ತೀರಾ ದೊಡ್ಡದಾಯಿತು.