ಆಂಟಿ ಆಕ್ಸಿಡೆಂಟ್

ಚನ್ನಕೇಶವನ ಮುಖ ಅವನ ಸ್ವಂತದ್ದೇ. ಆದರೆ ಅದನ್ನು ಅನುಭವಿಸುತ್ತಿದ್ದುದು ಮಾತ್ರ ಹೆಬ್ಬಾಳದ ಹೊಗೆ ಮತ್ತು ಬಿಸಿಲು. ಬಿಲ್ಡರ್ ಆನಂದಪ್ಪನ ಬಳಿ ಅವನು ಸೈಟ್ ಸೂಪರ್‌ವೈಸರ್. ಹಗಲೆಲ್ಲ ತಾರಸಿಯ ಮೇಲೆ ನಿಲ್ಲಬೇಕು, ಹೋಗುವಾಗ ಬರುವಾಗ ಲಾರಿಗಳ ಹಿಂದೆ ಸ್ಕೂಟರ್ ಓಡಿಸಬೇಕು. ಕೆನ್ನೆ ತುಂಬ ಕಪ್ಪು ಕಲೆ, ಉರಿ. ಮುಖ ಒರೆಸಿದರೆ ಟವೆಲ್ಲು ಮಸಿಬಟ್ಟೆಯಾಗುತ್ತಿತ್ತು. ಯಾರು ಬಿಟ್ಟ ಹೊಗೆಗೆ ಯಾರ ಮುಖ ಸುಡಬೇಕು ಸ್ವಾಮಿ? ಬಿಟ್ಟವನು ಗಾಜು ಏರಿಸಿಕೊಂಡು ಎ.ಸಿ.ಯಲ್ಲಿ ತಣ್ಣಗೆ ಕೂತಿರುತ್ತಾನೆ!

ಆಫೀಸಿನೊಳಗೆ ಫ್ಯಾನಿನ ಕೆಳಗೆ ಒಂದು ಸೀಟು ಖಾಲಿಯಾಗಿತ್ತು. ಚನ್ನಕೇಶವ ತಲೆ ಕೆರೆಯುತ್ತ ಕೇಳಿದ.

“ಡಾಕ್ಟ್ರನ್ನ ಕೇಳ್ಕಂಡು ಬಾರೋ,” ಎಂದ ಆನಂದಪ್ಪ. “ಬಿಸ್ಲು ಬ್ಯಾಡ ಅಂದ್ರೆ ಸೀಟು ನಿಂದೇ. ಇವತ್ತೇ ತೀರ್ಮಾನ ಆಗ್ಬೇಕು ಮತ್ತೆ.”

ಗಂಗಾನಗರದ ಚರ್ಮದ ಡಾಕ್ಟರ್ ಸ್ಮಿತಾ ಕೆನ್ನೆಗೆ ಟಾರ್ಚ್ ಬಿಟ್ಟು ನೋಡಿದರು. “ಕಪ್ಪಾಗೋದು ದೊಡ್ಡ ವಿಷಯ ಅಲ್ಲ ಕಣ್ರೀ. ಬಿಸಿಲು, ಹೊಗೆ ಎರಡೂ ಸೇರಿ ಚರ್ಮದೊಳಗೆ ಪುಂಡ ಕಣಗಳನ್ನ ಹುಟ್ಟಿಸ್ತವೆ. ಅವು ಒಳಗೊಳಗೇ ಚರ್ಮ ಹಾಳು ಮಾಡ್ತವೆ. ಆ ಪುಂಡರನ್ನ ಹಿಡಿದು ಕೂರಿಸೋದೇ ಆಂಟಿಆಕ್ಸಿಡೆಂಟ್. ನೆಲ್ಲಿಕಾಯಿ, ಸೀಬೆಹಣ್ಣು ಚೆನ್ನಾಗಿ ತಿನ್ನಿ. ಆದ್ರೆ ಮೊದ್ಲು ಬಿಸಿಲು ಬಿಡಿ.”

ಚನ್ನಕೇಶವನಿಗೆ ಹಿಗ್ಗೋ ಹಿಗ್ಗು. ಹೆಬ್ಬಾಳದ ಫ್ಲೈಓವರ್ ಕೆಳಗೆ ಸ್ಕೂಟರ್ ನಿಲ್ಲಿಸಿ ಅಬ್ಬಿಗೆರೆಯ ಮನೆಗೆ ಫೋನ್ ಮಾಡಿದ. ಅಲ್ಲಿ ಹೆಂಡತಿ ಮಂಜುಶ್ರೀಯ ಕೈಯೆಲ್ಲ ರೊಟ್ಟಿ ಹಿಟ್ಟು, ಹಾಗಾಗಿ ಫೋನು ಸ್ಪೀಕರಿನಲ್ಲಿತ್ತು. ಪಕ್ಕದ ಮನೆಯ ಮುನಿಕೆಂಪಮ್ಮ ಎದುರಿಗೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

“ಮಂಜು, ಹೆಬ್ಬಾಳದಲ್ಲಿದೀನಿ... ಮುಖ ಪೂರ್ತಿ ಹಾಳಾಗಿದೆಯಂತೆ...” ಬಸ್ಸಿನ ಹಾರನ್ನು. “ಆಂಟಿ ಆಕ್ಸಿಡೆಂಟು... ಡಾಕ್ಟ್ರು ಹೇಳಿದ್ರು...” ಅಷ್ಟರಲ್ಲಿ ಚಾರ್ಜು ಮುಗಿದು ಫೋನು ಸತ್ತಿತು.

ಮುನಿಕೆಂಪಮ್ಮ ಅವರೆಕಾಯಿ ಚೆಲ್ಲಿ ಎದ್ದಳು. “ಅಯ್ಯೋ ನನ್ನವ್ವ! ಕೇಶವ ಯಾರೋ ಆಂಟಿಗೆ ಆಕ್ಸಿಡೆಂಟ್ ಮಾಡವ್ನೆ! ಮುಖ ಪೂರ್ತಿ ಆಳಾಗೋಗದಂತೆ!”

ಮಂಜುಶ್ರೀ ಮತ್ತೆ ಮತ್ತೆ ಫೋನ್ ಮಾಡಿ ಅಳಲು ಕೂತಳು. ಎದುರುಮನೆಯ ವಾಸು ಚನ್ನಕೇಶವನ ಜೊತೆಗೇ ಕೆಲಸ ಮಾಡುವವನು. ಊಟಕ್ಕೆ ಮನೆಗೆ ಬಂದಿದ್ದವನು ಸುದ್ದಿ ಕಿವಿಗೆ ಬಿದ್ದದ್ದೇ ಆನಂದಪ್ಪನಿಗೆ ಮುಟ್ಟಿಸಿದ. ಇಂಥ ಕೆಲಸದಲ್ಲಿ ಮಾತ್ರ ಅವನು ಎಂದೂ ತಡಮಾಡಿದವನಲ್ಲ.

ಚನ್ನಕೇಶವ ಅರ್ಧ ಚೀಲ ನೆಲ್ಲಿಕಾಯಿ ಕೊಂಡು ಮನೆಗೆ ಬಂದಾಗ ಗೇಟಿನ ಮುಂದೆ ಇಡೀ ಬೀದಿ ನೆರೆದಿತ್ತು. ಮುಖಕ್ಕೆ ಮಸಿ, ಕಣ್ಣು ಕೆಂಪು. ನೋಡಿದವರಿಗೆ ತಪ್ಪಿಸಿಕೊಂಡು ಬಂದವನೆಂದು ಖಾತ್ರಿಯಾಯಿತು.

“ನೋಡಿ, ರಕ್ತ!” ವಾಸು ಸ್ಕೂಟರಿನ ಮಡ್‌ಗಾರ್ಡ್ ತೋರಿಸಿದ.

“ಲೇ, ಬಸ್ಸಿನ ಕಿಟಕಿಯಿಂದ ಯಾವನೋ ಎಲೆಅಡಿಕೆ ಉಗಿದಿದ್ದು ಕಣೋ ಅದು!”

“ಎಲ್ರೂ ಇಂಗೇ ಏಳೋದು,” ಎಂದಳು ಮುನಿಕೆಂಪಮ್ಮ. “ಪಾಪ, ಆ ಆಂಟಿಗೆ ಮಕ್ಳು ಎಷ್ಟೋ ಏನೋ! ನಿಜ ಏಳಪ್ಪ.”

“ಯಾವ ಆಂಟಿ?”

“ನೋಡ್ರೀ, ಎಸ್ರೂ ಕೇಳ್ಕಂಡಿಲ್ಲ!”

ಒಳಗೆ ಬಿಡುವವರಿಲ್ಲ. ಬಿಸಿಲು ಬೇಡವೆಂದು ಡಾಕ್ಟರ್ ಹೇಳಿದ ಮುಖವನ್ನು ಹಿಡಿದುಕೊಂಡು, ನಡುಮಧ್ಯಾಹ್ನದ ಉರಿಬಿಸಿಲಲ್ಲಿ ಆತ ನಿಂತೇ ಇದ್ದ. ಬುದ್ಧಿ ಹೇಳುವವರೆಲ್ಲ ಹೊಂಗೆಮರದ ನೆರಳಲ್ಲಿದ್ದರು. ಕೊನೆಗೆ ಆನಂದಪ್ಪನ ಕಾರು ಬಂದಾಗ ಚನ್ನಕೇಶವನ ಸಹನೆ ಕಿತ್ತುಹೋಯಿತು.

“ಅಣ್ಣ, ಆಂಟೀನೂ ಇಲ್ಲ, ಆಕ್ಸಿಡೆಂಟೂ ಇಲ್ಲ! ಆಂಟಿಆಕ್ಸಿಡೆಂಟ್ ಅಂದ್ರೆ ಔಷಧಿ ಇದ್ದಂಗೆ! ಹಣ್ಣಲ್ಲಿರತ್ತೆ, ನೆಲ್ಲಿಕಾಯಲ್ಲಿರತ್ತೆ! ಬಿಸಿಲು, ಹೊಗೆ ಕುಡಿದು ಚರ್ಮ ಹಾಳಾದೋನು ನಾನು! ನನ್ನನ್ನೇ ಬಿಸಿಲಲ್ಲಿ ನಿಲ್ಲಿಸಿ ಬೈತೀರಲ್ಲ, ನಾಚಿಕೆ ಆಗಲ್ವಾ?” ಚೀಲ ಬೋರಲು ಹಾಕಿದ. ನೆಲ್ಲಿಕಾಯಿ ಬೀದಿಯುದ್ದಕ್ಕೂ ಉರುಳಿದವು.

ಎಲ್ಲರೂ ಕಾಲೆತ್ತಿ ನೆಲ್ಲಿಕಾಯಿಗೆ ದಾರಿ ಬಿಟ್ಟರು.

“ಅಂಗಾರೆ ಆಂಟಿ ಬದುಕವ್ಳಾ?” ಎಂದಳು ಮುನಿಕೆಂಪಮ್ಮ.

ಆನಂದಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಗಂಭೀರನಾದ. “ಒಂದು ಎಡವಟ್ಟಾಗದೆ ಕಣೋ. ನೀನು ಸ್ಟೇಷನ್ ಸೇರ್ತೀಯ ಅಂದ್ಕಂಡು ಆ ಸೀಟು ವಾಸುಗೆ ಕೊಟ್ಬುಟ್ಟೆ. ಕೊಟ್ಟ ಮಾತು ವಾಪಸ್ ತಗಳಾಕಾಯ್ತದಾ?”

ವಾಸು ಬಗ್ಗಿ ನೆಲ್ಲಿಕಾಯಿ ಆರಿಸುವುದರಲ್ಲಿ ಮಗ್ನನಾಗಿದ್ದ.

“ಬೇಜಾರಾಗ್ಬ್ಯಾಡ,” ಆನಂದಪ್ಪ ಹೆಗಲ ಮೇಲೆ ಕೈಯಿಟ್ಟ. “ನಿಂಗೆ ಸೈಟ್ ಕೆಲ್ಸ ಬ್ಯಾಡವೇ ಬ್ಯಾಡ. ಯಲಹಂಕದ ಆಚೆ ನಂದೊಂದು ತೋಟ ಅದೆ. ಬರೀ ನೆಲ್ಲಿ, ಸೀಬೆ! ನಾಳೆಯಿಂದ ಅಲ್ಲೇ ಸೂಪರ್‌ವೈಸರ್ ಆಗು. ಆಂಟಿಆಕ್ಸಿಡೆಂಟು ಎಷ್ಟು ಬೇಕೋ ಅಷ್ಟು ತಿನ್ನು.”

ಮಾರನೆಯ ದಿನ ಹನ್ನೆರಡಕ್ಕೆ ಮಂಜುಶ್ರೀ ಫೋನ್ ಮಾಡಿದಳು. “ರೀ, ಮರದ ನೆರಳಲ್ಲಿ ತಂಪಾಗಿದೀರಾ?”

ಚನ್ನಕೇಶವ ತಲೆಯ ಮೇಲಿನ ಟವೆಲ್ಲು ಸರಿಮಾಡಿಕೊಂಡ. ಬೇಲಿಯ ಆಚೆ ಹೆದ್ದಾರಿ, ಲಾರಿಗಳ ಸಾಲು. ಈಚೆ ಕಣ್ಣು ಹಾಯುವವರೆಗೂ ತೋಟ.

“ಗಿಡ ನೆಟ್ಟು ಒಂದು ತಿಂಗಳು ಆಗೈತಂತೆ ಕಣೇ,” ಎಂದ. “ನನ್ನ ಮೊಣಕಾಲಿಗೆ ಮಾತ್ರ ನೆರಳು ಬರ್ತಾ ಐತೆ.”